ಉದ್ದ ಹೆಸರಿನ ಕಾಯಿಲೆ

ಅವರೆಕಾಳು ಹಿತುಕುತ್ತ ಕೂತಿದ್ದೆ. ಹಿತುಕುವಾಗ ಕಾಳು ಬೆರಳ ಸಂದಿಯಿಂದ ಜಾರಿ ಎಲ್ಲಿಗಾದರೂ ನೆಗೆಯುತ್ತದೆ. ಹಾಗೆ ನೆಗೆದ ಒಂದು ಕಾಳು ದೇವರ ಮನೆ ಹೊಸಿಲ ಮೇಲೆ ಹೋಗಿ ಕೂತಿತ್ತು. ಅದನ್ನು ಎತ್ತಿಕೊಳ್ಳಲು ಎದ್ದಾಗಲೇ ಫೋನು ಬಡಿದುಕೊಂಡಿತು. ಮಳವಳ್ಳಿಯಿಂದ ಸೌಮ್ಯ. ನನ್ನ ತಂಗಿ ಜಯಮ್ಮನ ಮಗಳು. ನರ್ಸಿಂಗ್ ಓದು ಮುಗಿಸಿ ಮಂಡ್ಯದ ಒಂದು ಖಾಸಗಿ ಆಸ್ಪತ್ರೆಗೆ ಈಗಷ್ಟೇ ಸೇರಿದ್ದಾಳೆ.

"ದೊಡ್ಡವ್ವ, ಅವ್ವ ಆಪ್ರೇಸನ್ ಒಲ್ಲೆ ಅಂತ ಕುಂತವ್ಳೆ. ಅಪ್ಪಾನೂ ಅವಳ ಕಡೀಕೆ ಸೇರ್ಕಂಡದೆ. ನಾಳೆ ಅಡ್ಮಿಟ್ ಆಗ್ಬೇಕು. ನೀನು ಬರ್ದೆ ಇದ್ರೆ ಆಗಾಕಿಲ್ಲ."

"ನೀನೇ ನರ್ಸಮ್ಮ ಅಲ್ವೇನೆ? ಕೂರಿಸ್ಕೊಂಡು ಹೇಳು."

"ನನ್ ಮಾತು ಯಾರು ಕೇಳ್ತಾರೆ? 'ಮೊನ್ನೆಗಂಟ ನಿನ್ ಮೂಗು ಒರೆಸ್ತಿದ್ದೆ, ನೀ ನನ್ ಹೊಟ್ಟೆ ವಿಸ್ಯ ಹೇಳಾಕ್ ಬತ್ತೀಯಾ' ಅಂತಾವ್ಳೆ."

ಜಯಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು. ಎರಡು ಸಲ ನೋವು ಬಂದು ಉರುಳಾಡಿದ್ದಳು. ಎರಡನೆಯ ಸಲ ಚಳಿಜ್ವರವೂ ಬಂದಿತ್ತು. ಮದ್ದು ಕೊಟ್ಟು ತಣ್ಣಗೆ ಮಾಡಿ ಕಳಿಸಿದ್ದ ಡಾಕ್ಟರು, "ಈಗ ತೆಗೆದರೆ ಸುಲಭ. ಇನ್ನೊಂದು ಸಲ ಬಂದು ಕಲ್ಲು ನಾಳದಲ್ಲಿ ಸಿಕ್ಕಿಕೊಂಡು ಕೀವಾದರೆ ಪ್ರಾಣಕ್ಕೆ ಬರುತ್ತೆ" ಎಂದಿದ್ದರು. ಅಂಥ ಹೊತ್ತಿನಲ್ಲಿ ಇವಳು ಒಲ್ಲೆ ಅಂದರೆ? ಹಿತುಕಿದ ಬೇಳೆಯನ್ನು ಹಾಗೆಯೇ ಫ್ರಿಜ್ಜಿಗೆ ತಳ್ಳಿ, ದೇವರಿಗೆ ಕೈಮುಗಿದು, ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿದೆ. ಕಿಟಕಿ ಪಕ್ಕವೇ ಸೀಟು ಸಿಕ್ಕಿತು. ಅದೂ ದೇವರು ಕೊಟ್ಟಿದ್ದೇ.

ಸೌಮ್ಯಳಂಥ ಹೊಸ ಹುಡುಗಿಯರಿಗೆ ನಮ್ಮ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಹೇಳಬೇಕು ಅಂತ ಬಹಳ ದಿನದಿಂದ ಇತ್ತು. ಆ ಬಸ್ಸಿನಲ್ಲಿ ಕೂತು ಯೋಚಿಸಿದ್ದನ್ನೂ ಆಮೇಲೆ ನಡೆದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮದ್ದೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ನರ್ಸಾಗಿದ್ದೆ. ಸೇರಿದಾಗ ಗಾಜಿನ ಸಿರಿಂಜು ಕುದಿಸಿ ಒಣಗಿಸುತ್ತಿದ್ದೆವು. ಕೆಲಸ ಬಿಡುವಾಗ ಒಂದು ಸಲ ಚುಚ್ಚಿ ಎಸೆಯುವ ಕಾಲ. ಈಗ ಮನೆ, ಪೂಜೆ, ಅಡುಗೆ. ಇಂಜೆಕ್ಷನ್ ಕೊಡುವುದು, ಡ್ರಿಪ್ ಹಾಕುವುದು ಕೈಗೆ ಬೇಗ ಬರುತ್ತದೆ. ಬರದೇ ಇರುವುದು ಮಾತು. ಡಾಕ್ಟರು ಒಳಗೆ ಎರಡು ನಿಮಿಷ ಮಾತಾಡುತ್ತಾರೆ. ರೋಗಿ ತಲೆ ಆಡಿಸುತ್ತಾನೆ. ಹೊರಗೆ ಬಂದವನೇ ನಮ್ಮನ್ನು ಹಿಡಿದುಕೊಂಡು, "ಸಿಸ್ಟರಮ್ಮ, ಅದೇನಂದ್ರು?" ಎನ್ನುತ್ತಾನೆ. ನಮ್ಮ ಕೆಲಸ ಶುರುವಾಗುವುದು ಅಲ್ಲಿಂದ.

ನಮ್ಮ ಹಿರಿಯ ಸಿಸ್ಟರ್ ಫಿಲೋಮಿನಾ ಅವರು ಮೊದಲ ವಾರವೇ ನನಗೆ ಹೇಳಿದ್ದರು: "ಅರ್ಥ ಆಮೇಲೆ ಹೇಳು. ಮೊದಲು ಅವರಿಗೆ ಕೂರೋಕೆ ಹೇಳು. ನಿಂತವರ ಕಿವಿಗೆ ಏನೂ ಹೋಗಲ್ಲ." ಬಾಯಿ ಬಹಳ ಜೋರು, ಬೆಳಿಗ್ಗೆ ಹಾಸಿಗೆ ಮೇಲಿನ ಬಟ್ಟೆಯಲ್ಲಿ ಒಂದು ಸುಕ್ಕು ಕಂಡರೆ ಮಧ್ಯಾಹ್ನದವರೆಗೂ ಬೈಯುತ್ತಿದ್ದರು. ಆದರೆ ಆ ಮಾತು ನನ್ನನ್ನು ಕೊನೆವರೆಗೂ ಕಾಪಾಡಿತು.

ಅವರ ಮಾತಿನ ಬೆಲೆ ಗೊತ್ತಾದದ್ದು ಒಂದು ಬೆಳಿಗ್ಗೆ. ಊರಿಂದ ಬಂದಿದ್ದ ಒಬ್ಬ ಯಜಮಾನರಿಗೆ ಕಾಲು ಊದಿತ್ತು, ಉಬ್ಬಸ ಬರುತ್ತಿತ್ತು. ನಮ್ಮಲ್ಲಿ ಆಗ ಹೊಸದಾಗಿ ಬಂದಿದ್ದ ಚಿಕ್ಕ ಡಾಕ್ಟರು, ಬಹಳ ಒಳ್ಳೆಯ ಹುಡುಗ, ನೋಡಿ ಹೊರಗೆ ಬಂದು ಮಗನಿಗೆ, "ಹಾರ್ಟ್ ಫೇಲ್ಯೂರ್ ಆಗಿದೆ" ಎಂದು ಹೇಳಿ ಮುಂದಿನ ರೋಗಿಯ ಕಡೆ ಹೋದರು. ನಮ್ಮ ಸೀಮೆಯಲ್ಲಿ ಹಾರ್ಟ್ ಫೇಲ್ ಅಂದರೆ ಆ ಮನುಷ್ಯ ಹೋದ ಅಂತಲೇ. ಮಗ ಅಲ್ಲೇ ಕುಸಿದು, "ಅಪ್ಪೋ" ಎಂದು ಕೂಗಿಕೊಂಡ. ಊರಿಗೆ ಫೋನು ಹೋಯಿತು. ಹೊರಗೆ ನೆಂಟರು ಸೇರಿದರು. ಯಾರೋ ಆಗಲೇ ಚಟ್ಟದ ಬಿದಿರಿಗೆ ಹೇಳಿದ್ದರಂತೆ. ಅಷ್ಟರಲ್ಲಿ ಯಜಮಾನರು ಒಳಗಿಂದ, "ಯಾಕ್ಲಾ ಬಡ್ಕತೀಯೆ? ಯಾರಿಗೇನಾಯ್ತು? ನಂಗೊಂದು ಕಾಪಿ ತತ್ತೀನಿ ಅಂದಿದ್ದಲ್ಲ, ಎಲ್ಲಿ?" ಎಂದರು. ಮಗ ಅಳುವುದೋ ನಗುವುದೋ ತಿಳಿಯದೆ ಕಾಫಿ ತರಲು ಓಡಿದ.

ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತಿದೆ ಅಂತಲ್ಲ. ಹಳೆಯ ಪಂಪ್‌ಸೆಟ್ ನೀರನ್ನು ಎತ್ತುತ್ತದೆ, ಆದರೆ ಮೊದಲಿನ ಹಾಗೆ ತುದಿಯ ಗದ್ದೆಗೆ ಮುಟ್ಟಿಸುವುದಿಲ್ಲ. ಹಾಗೆ ಹೃದಯಕ್ಕೆ ಬಲ ಸಾಲದು, ಅದಕ್ಕೇ ಕಾಲಲ್ಲಿ, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಮಾತ್ರೆ, ಉಪ್ಪು ಕಡಿಮೆ, ಮತ್ತೆ ಮತ್ತೆ ತಪಾಸಣೆ. ಆ ಯಜಮಾನರು ಆಮೇಲೂ ಎಷ್ಟೋ ವರ್ಷ ನಮ್ಮಲ್ಲಿಗೆ ಬಂದು ಮಗನನ್ನು ಬೈದುಕೊಂಡು ಹೋಗುತ್ತಿದ್ದರು.

ಇನ್ನೂ ಕೆಲವು ಮಾತುಗಳಿವೆ, ಜನ ಸುಮ್ಮಸುಮ್ಮನೆ ಹೆದರುವಂಥವು. ಅಕ್ಯೂಟ್ ಅಂದರೆ ಈಗ ತಾನೇ ಬಂದು ಜೋರಾಗಿರುವುದು. ಕ್ರಾನಿಕ್ ಅಂದರೆ ಬಹಳ ಕಾಲದಿಂದ ಮನೆಯಲ್ಲೇ ಇರುವುದು. ಕೆಟ್ಟದ್ದು ಅಂತಲ್ಲ, ಹಳೆಯದು ಅಂತ. ಬಿನೈನ್ ಗೆಡ್ಡೆ ಅಂದರೆ ಕ್ಯಾನ್ಸರ್ ಅಲ್ಲದ ಗೆಡ್ಡೆ. ಅದು ಕೂತ ಜಾಗದಲ್ಲೇ ಕೂತಿರುತ್ತದೆ, ಬೇರೆ ಕಡೆಗೆ ಹರಡಿಕೊಂಡು ಹೋಗುವುದಿಲ್ಲ. ಬಯಾಪ್ಸಿ ಅಂದರೆ ಒಂದು ಚೂರು ತೆಗೆದು ನೋಡುವುದು, ಅಷ್ಟೆ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕುತ್ತೇವಲ್ಲ, ಹಾಗೆ. ಬಯಾಪ್ಸಿಗೆ ಬರೆದುಕೊಟ್ಟರು ಅಂದಾಕ್ಷಣ ಕ್ಯಾನ್ಸರೇ ಎಂದು ತಿಳಿದು ಊಟ ಬಿಟ್ಟವರನ್ನು ನಾನು ಎಷ್ಟು ಜನರನ್ನು ನೋಡಿದೆನೋ. ಮೊದಲು ಡಾಕ್ಟರ ಬರಹ ಯಾರಿಗೂ ತಿಳಿಯುತ್ತಿರಲಿಲ್ಲ, ಅದೊಂದು ಪುಣ್ಯವಾಗಿತ್ತು. ಈಗ ಎಲ್ಲ ಅಚ್ಚಾಗಿ ಬರುತ್ತದೆ. ಮನೆಗೆ ಹೋಗುವ ದಾರಿಯಲ್ಲೇ ಮೊಬೈಲಿನಲ್ಲಿ ಹುಡುಕಿ, ಮನೆ ಮುಟ್ಟುವಷ್ಟರಲ್ಲಿ ಅರ್ಧ ಜೀವ ಆಗಿರುತ್ತಾರೆ.

ಜಯಮ್ಮನ ಮನೆಯಲ್ಲಿ ಆಗಿದ್ದೂ ಅದೇ. ನಾನು ಹೋದಾಗ ಜಗಲಿಯಲ್ಲಿ ಕಾಲು ನೀಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಗಂಡ ಚಿಕ್ಕಣ್ಣ, ಮನೆಗೆ ಸಾವು ಬಂದ ಮುಖ ಮಾಡಿಕೊಂಡು. ಸ್ಕ್ಯಾನ್ ರಿಪೋರ್ಟನ್ನು ಮಡಿಚಿ ಎಲೆಅಡಿಕೆ ತಟ್ಟೆಯ ಕೆಳಗೆ ಇಟ್ಟಿದ್ದರು.

"ಬಾ ಅಕ್ಕ, ಕುಂತ್ಕೊ. ನನ್ನ ಒಪ್ಪಿಸಾಕೆ ಬಂದಿದ್ರೆ ಊಟ ಮಾಡ್ಕಂಡು ಹೊರಟೋಗು."

"ಊಟ ಮಾಡ್ಕೊಂಡೇ ಒಪ್ಪಿಸ್ತೀನಿ. ಯಾಕೆ ಒಲ್ಲೆ, ಅದನ್ನ ಹೇಳು."

"ಆ ಕಾಯಿಲೆ ಹೆಸ್ರು ನೋಡು, ಕಾಗದದ ಈ ಕಡೆಯಿಂದ ಆ ಕಡೆಗಂಟ ಐತೆ. ಜ್ವರ ಅಂದ್ರೆ ಜ್ವರ, ಕೆಮ್ಮು ಅಂದ್ರೆ ಕೆಮ್ಮು. ಇಷ್ಟುದ್ದ ಹೆಸ್ರಿರೋ ಕಾಯಿಲೆ ಯಾರನ್ನ ಉಳಿಸೈತೆ? ಆಪ್ರೇಸನ್ ಹೆಸ್ರು ಇನ್ನೂ ಉದ್ದ. ಇವ್ಳು ಓದೋಕ್ಕೇ ಮೂರು ಸಲ ಉಸಿರು ತಗಂಡ್ಲು."

ಸೌಮ್ಯ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡಳು.

"ಚಿಕ್ಕಣ್ಣ, ನಿಮ್ಮ ಗದ್ದೆ ಪಹಣೀಲಿ ಏನೇನು ಬರೆದವ್ರೆ?" ಎಂದು ಕೇಳಿದೆ.

"ಸರ್ವೆ ನಂಬರು, ಊರು, ಹೋಬ್ಳಿ, ತಾಲ್ಲೂಕು, ಜಿಲ್ಲೆ."

"ಅಷ್ಟುದ್ದ ಬರೆದ್ರೂ ಇರೋದು ಒಂದು ಗದ್ದೆ ತಾನೇ? ಇದೂ ಹಂಗೇ, ವಿಳಾಸ." ರಿಪೋರ್ಟು ತೆಗೆದು ಮಡಿಲಲ್ಲಿ ಹರಡಿಕೊಂಡೆ. "ಕೋಲಿ ಅಂದ್ರೆ ಪಿತ್ತ. ಲಿತಿಯಾಸಿಸ್ ಅಂದ್ರೆ ಕಲ್ಲು ಕಟ್ಟಿರೋದು. ಕೋಲಿಲಿತಿಯಾಸಿಸ್, ಪಿತ್ತದ ಕಲ್ಲು. ಮುಗೀತು. ಇನ್ನು ಆಪರೇಷನ್. ಕೋಲಿಸಿಸ್ಟ್ ಅಂದ್ರೆ ಪಿತ್ತದ ಚೀಲ. ಎಕ್ಟಮಿ ಅಂತ ಬಾಲ ಇದ್ರೆ ತೆಗೆಯೋದು ಅಂತ. ಚೀಲ ತೆಗೆಯೋದು. ಲ್ಯಾಪ್ರೋಸ್ಕೋಪಿಕ್ ಅಂದ್ರೆ ಹೊಟ್ಟೆ ಕೊಯ್ಯದೆ, ನಾಲ್ಕು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ತೆಗೆಯೋದು."

"ಇನ್ನೊಂದು ಐತಲ್ಲ, ಆಟಿಸ್ಸೋ ಈಟಿಸ್ಸೋ."

"ಐಟಿಸ್. ಆ ಬಾಲ ಇದ್ರೆ ಊತ, ಉರಿ ಅಂತ. ಟಾನ್ಸಿಲೈಟಿಸ್, ಗಂಟಲ ಗಂಟಿನ ಊತ. ಅಪೆಂಡಿಸೈಟಿಸ್, ಅಪೆಂಡಿಕ್ಸ್ ಅನ್ನೋ ಕರುಳಿನ ತುಂಡಿನ ಊತ. ಕೋಲಿಸಿಸ್ಟೈಟಿಸ್, ನಿನ್ನ ಚೀಲದ ಊತ. ನಿಂಗೆ ಜ್ವರ ಬಂದಿತ್ತಲ್ಲ, ಅದು."

ಜಯಮ್ಮ ರಿಪೋರ್ಟಿನ ಕಡೆ ಕತ್ತು ಚಾಚಿದಳು. "ಚೀಲ ತಗದ್ಬುಟ್ರೆ ಪಿತ್ತ ಎಲ್ಲಿ ಮಡಗಾದು?"

ಒಳ್ಳೆಯ ಪ್ರಶ್ನೆ. "ಪಿತ್ತ ಮಾಡೋದು ಈಲಿ, ಅದೇ ಲಿವರ್ರು. ಚೀಲ ಬರೀ ಕೂಡಿಡೋ ಡ್ರಮ್ಮು. ಡ್ರಮ್ಮು ಇಲ್ದಿದ್ರೆ ನಲ್ಲೀಲಿ ಬಂದಂಗೇ ನೇರ ಕರುಳಿಗೆ ಹೋಗುತ್ತೆ."

ಅವಳು ಗಂಡನ ಮುಖ ನೋಡಿದಳು. ಚಿಕ್ಕಣ್ಣ ಎಲೆಗೆ ಸುಣ್ಣ ಸವರುತ್ತ, "ನಂಗೇನು, ನಿನ್ ಹೊಟ್ಟೆ" ಎಂದರು. ಅಂತೂ ಅರ್ಧ ಮನಸ್ಸಿನಿಂದ ಒಪ್ಪಿದಳು. ಆದರೆ ಒಂದು ಮಾತು ಹಾಕಿದಳು: ವೈದ್ಯನಾಥಪುರದ ಸ್ವಾಮಿಗೆ ಪೂಜೆ ಮಾಡಿಸಿಯೇ ಆಪರೇಷನ್. ಆ ಸ್ವಾಮಿಯ ಹೆಸರಿನಲ್ಲೇ ವೈದ್ಯ ಇದ್ದಾನೆ, ಬೇಡ ಅನ್ನಲು ನನಗೆ ಯಾವ ಬಾಯಿ? ಮಾರನೆಯ ದಿನ ಅವಳನ್ನು ಮಂಡ್ಯಕ್ಕೆ ಸೇರಿಸಿದೆವು. ಚಿಕ್ಕಣ್ಣ ಸಂಜೆ ಪೂಜೆಗೆ ವೈದ್ಯನಾಥಪುರಕ್ಕೆ ಹೋದರು. ಬೆಳಗಾಗುವ ಮೊದಲೇ ಆಸ್ಪತ್ರೆಗೆ ಬಂದು ಅವಳ ಹಣೆಗೆ ವಿಭೂತಿ ಇಟ್ಟರಂತೆ.

ಬೆಳಿಗ್ಗೆ ನಾನು ಮದ್ದೂರಿಂದ ಹೋದಾಗ ಜಯಮ್ಮ ಸ್ನಾನ ಮಾಡಿ ಮಡಿಯಾಗಿ ಮಂಚದ ಮೇಲೆ ಕೂತಿದ್ದಳು. ಡ್ಯೂಟಿ ಸಿಸ್ಟರ್ ಬಂದು, "ಏನಾದ್ರೂ ತಿಂದ್ರಾ, ಕುಡಿದ್ರಾ?" ಎಂದು ಕೇಳಿದಳು. "ಇಲ್ಲ ಕಣಮ್ಮ." ಸಿಸ್ಟರ್ ಬರೆದುಕೊಂಡು ಹೋದಳು. ಬಳೆ ಬಿಚ್ಚಿಸಿದೆವು. ತಾಳಿ ಸರ ತೆಗೆಯುವಾಗ ಕಣ್ಣು ತುಂಬಿಕೊಂಡಳು. ಸೌಮ್ಯ ಅದಕ್ಕೆ ಮೊದಲೇ ಸಿದ್ಧವಾಗಿದ್ದಳು. ಅರಿಶಿನದ ದಾರಕ್ಕೆ ಕೊಂಬು ಕಟ್ಟಿ ತಂದಿದ್ದಳು. ಅದನ್ನು ಕೊರಳಿಗೆ ಹಾಕಿ ಸರ ತೆಗೆದಳು. ಈ ಹುಡುಗಿಗೆ ಕೆಲಸ ಬರುತ್ತದೆ ಅಂತ ನನಗೆ ಆಗ ಧೈರ್ಯವಾಯಿತು. ಇದನ್ನು ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ?

ಸೀರೆ ಬಿಚ್ಚಿ ಆಪರೇಷನ್ ಗೌನು ಹಾಕಬೇಕು. ಆಗ ಜಯಮ್ಮ ಸೆರಗಿನ ಗಂಟು ಬಿಚ್ಚಿ, ಬಾಳೆಎಲೆ ಚೂರಲ್ಲಿ ಸುತ್ತಿದ್ದ ಪೊಟ್ಟಣವನ್ನು ಮಗಳ ಕೈಗೆ ಇಟ್ಟಳು.

"ತಗಳಮ್ಮಿ, ಸ್ವಾಮಿ ಪ್ರಸಾದ. ದ್ರಾಕ್ಷಿ ಗೋಡಂಬಿ ಇರಾ ಕಡೆಯಿಂದ ನಿಂಗೇ ಅಂತ ಮಡಗಿವ್ನಿ."

ಪೊಟ್ಟಣದಲ್ಲಿ ಸಿಹಿ ಪೊಂಗಲ್, ತುಪ್ಪ ಎಲೆಯಿಂದ ಜಿನುಗುತ್ತಿತ್ತು. ಸೌಮ್ಯ ಅದನ್ನು ಕಣ್ಣಿಗೊತ್ತಿಕೊಳ್ಳಲು ಕೈ ಎತ್ತಿದವಳು ಅರ್ಧದಲ್ಲೇ ನಿಂತಳು.

"ಅವ್ವ, ನೀನು ತಿಂದ್ಯಾ ಇದ್ನ?"

"ಒಂದು ದೊನ್ನೆ. ನಿಮ್ಮಪ್ಪ ಬಂದ ತಕ್ಷಣ."

"ಸಿಸ್ಟರ್ ಕೇಳಿದ್ಕೆ ಏನೂ ತಿಂದಿಲ್ಲ ಅಂದ್ಯಲ್ಲ!"

"ಇನ್ನೇನು ತಿಂದಿವ್ನಿ? ಪ್ರಸಾದ ತಿಂಡಿ ಲೆಕ್ಕಕ್ಕೆ ಬತ್ತದಾ? ದೇವ್ರದು ಅದು. ಉಪವಾಸಕ್ಕೂ ಅಡ್ಡಿ ಇಲ್ಲ, ಆಪ್ರೇಸನ್ಗೂ ಅಡ್ಡಿ ಇಲ್ಲ."

ಸೌಮ್ಯ ನನ್ನ ಮುಖ ನೋಡಿದಳು. ಅವಳ ಕಷ್ಟ ನನಗೆ ಗೊತ್ತು. ಹೊಸ ಕೆಲಸ. ಸರ್ಜನ್ ಬಹಳ ಮುಂಗೋಪಿ. ಟೇಬಲ್ ರೆಡಿಯಾಗಿದೆ. ಇಷ್ಟು ಒಪ್ಪಿಸಿ ಕರೆತಂದ ಅವ್ವ, ಈಗ ತಪ್ಪಿತು ಅಂದರೆ ಮತ್ತೆ ಬರುತ್ತಾಳೋ ಇಲ್ಲವೋ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಪೊಟ್ಟಣವನ್ನು ನನ್ನ ಕೈಗಿಟ್ಟು ಥಿಯೇಟರ್ ಕಡೆ ಓಡಿಬಿಟ್ಟಿದ್ದಳು.

ಅರಿವಳಿಕೆ ಡಾಕ್ಟರು ತಾವೇ ಬಂದು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತರು. "ಅಮ್ಮ, ನಿದ್ದೆ ಬರಿಸಿದಾಗ ಗಂಟಲೂ ಮಲಗಿಬಿಡುತ್ತೆ. ಹೊಟ್ಟೆಯಲ್ಲಿ ಇರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಆಸ್ಪಿರೇಷನ್ ಅಂತೀವಿ. ತುಪ್ಪದ ಪೊಂಗಲ್ ಅಂತೂ ಹೊಟ್ಟೆ ಬಿಟ್ಟು ಬೇಗ ಕದಲಲ್ಲ. ನಿಮ್ಮ ಮಗಳು ಹೇಳಿದ್ದು ಬಹಳ ಒಳ್ಳೇದಾಯ್ತು." ಹಿಂದೆ ನಿಂತಿದ್ದ ಸರ್ಜನ್ ಮಾತ್ರ ಗುರುಗುಟ್ಟಿ, "ಈಗ ಆಗಲ್ಲ" ಎಂದು ತಿರುಗಿ ನಡೆದರು.

ಹೊಸಬರಿಗೆ ಇದೊಂದು ಹೇಳುತ್ತೇನೆ. ಎನ್‌ಪಿಓ ಎಂದು ಕೇಸ್ ಶೀಟಿನಲ್ಲಿ ಬರೆದಿರುತ್ತಾರೆ, ಬಾಯಿಂದ ಏನೂ ಕೂಡದು ಅಂತ. ಅದನ್ನು ಕೇಳುವಾಗ 'ತಿಂದ್ರಾ' ಅಂತ ಒಂದೇ ಮಾತಿನಲ್ಲಿ ಕೇಳಬೇಡಿ. ನಮ್ಮ ಜನಕ್ಕೆ ಮುದ್ದೆ, ಅನ್ನ ಮಾತ್ರ ಊಟ. ಇಡ್ಲಿ ಊಟವಲ್ಲ. ಕಾಫಿ ಏನೂ ಅಲ್ಲ. ವಡೆ ಬಾಯಾಡಿಸಿದ್ದು. ಎಲೆಅಡಿಕೆ ಅಂತೂ ಉಸಿರಾಡಿದ ಹಾಗೆ. ಕಾಫಿ ಕುಡಿದ್ರಾ, ಬಿಸ್ಕತ್ತು ತಿಂದ್ರಾ, ಎಲೆ ಹಾಕಿದ್ರಾ, ತೀರ್ಥ ಪ್ರಸಾದ ತಗೊಂಡ್ರಾ ಎಂದು ಒಂದೊಂದನ್ನೇ ಹೆಸರು ಹಿಡಿದು ಕೇಳಿ. ಅವರು ಸುಳ್ಳು ಹೇಳುವುದಿಲ್ಲ. ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾರೆ.

ಈಗ ಜಯಮ್ಮನ ವಿಷಯ. ಡಾಕ್ಟರು ಹೊರಗೆ ಹೋದದ್ದೇ ತಡ, ಅವಳು ಮಂಚದಿಂದ ಕಾಲು ಇಳಿಬಿಟ್ಟಳು. ಮುಖದಲ್ಲಿ ಏನೋ ಗೆದ್ದ ಕಳೆ.

"ನೋಡ್ದಾ ಅಕ್ಕ? ಸ್ವಾಮೀನೇ ತಡೆದ. ಕುಯ್ಸ್ಕಬೇಡ ಅಂದವ್ನೆ. ಏಳ್ರಿ, ಬಸ್ಸಿಗೆ ಹೋಗವ."

ಚಿಕ್ಕಣ್ಣ ಆಗಲೇ ಫ್ಲಾಸ್ಕು ಬ್ಯಾಗಿಗೆ ತುಂಬುತ್ತಿದ್ದರು. "ಹೌದು ಕಣತ್ತಿಗೆ. ಸೂಚನೆ ಕೊಟ್ಟಾಗ ಮೀರಬಾರ್ದು."

ಸೌಮ್ಯ ಅಳುವ ಹಾಗಾದಳು. "ಮೂರನೇ ಸಲ ನೋವು ಬಂದ್ರೆ ಏನವ್ವ ಮಾಡ್ತೀಯ? ಮಳವಳ್ಳಿಯಿಂದ ಇಲ್ಲಿಗೆ ಬರೋದ್ರೊಳಗೆ ಏನಾದ್ರೂ ಆದ್ರೆ?"

"ಆಗಾದು ಆಯ್ತದೆ ಬುಡು."

ಕಾಯಿಲೆಯ ಹೆಸರಿಗೆ ಅರ್ಥ ಹೇಳಬಹುದು. ದೇವರ ಮನಸ್ಸಿಗೆ ಅರ್ಥ ಹೇಳಲು ನಾನು ಯಾರು? ನಾನೂ ಆ ಸ್ವಾಮಿಗೇ ಕೈಮುಗಿಯುವವಳು. ಆಗ ಪಕ್ಕದ ಮಂಚದಿಂದ ಮಾತು ಬಂತು. ಅಲ್ಲಿ ಮದ್ದೂರಿನ ಶಕೀಲಮ್ಮ ಇದ್ದರು. ಮಗ ಬೈಕ್ ಮೆಕ್ಯಾನಿಕ್. ಅವರಿಗೂ ಪಿತ್ತದ ಕಲ್ಲೇ, ಜಯಮ್ಮನ ನಂತರದ ಸರದಿ.

"ಅಕ್ಕ, ನಿಮ್ ದೇವ್ರು ನಿಮ್ಮನ್ನ ಎಲ್ಲಿ ತಡೆದ? ನನ್ನ ಮುಂದಕ್ಕೆ ಬಿಟ್ಟ ಅಷ್ಟೆ. ಬೆಳಿಗ್ಗೆಯಿಂದ ಟೀ ಇಲ್ದೆ ನನ್ ತಲೆ ಸಿಡಿದು ಹೋಗ್ತಿತ್ತು. ಯಾ ಅಲ್ಲಾ, ಬೇಗ ಒಳಗೆ ಕರೆಸ್ಕೊಳಪ್ಪ ಅಂತಿದ್ದೆ. ನಿಮ್ ಪೊಂಗಲ್ಲಿಂದ ನನ್ ಕೆಲ್ಸ ಆಯ್ತು."

ಸೌಮ್ಯಳಿಗೂ ನಗು ತಡೆಯಲಾಗಲಿಲ್ಲ. ಶಕೀಲಮ್ಮ ಮುಂದುವರಿಸಿದರು: "ನಾ ಮೊದ್ಲು ಹೋಗಿ ಬತ್ತೀನಿ. ನೀವು ಇಲ್ಲೇ ಕುಂತ್ಕೊಂಡು ನೋಡಿ. ನಾ ಎದ್ದು ಮಾತಾಡಿದ್ರೆ ನೀವು ಹೋಗಿ. ಮಾತಾಡ್ದೆ ಇದ್ರೆ ಬಸ್ಸು ಎಲ್ಲೂ ಹೋಗಲ್ಲ, ಸ್ಟ್ಯಾಂಡಲ್ಲೇ ಇರ್ತದೆ."

ಜಯಮ್ಮ ಇಳಿಬಿಟ್ಟಿದ್ದ ಕಾಲನ್ನು ನೆಲಕ್ಕೆ ಊರಲಿಲ್ಲ. ಶಕೀಲಮ್ಮನ ಗಾಡಿ ತಳ್ಳಿಕೊಂಡು ಹೋಗುವಾಗ, ತನ್ನ ಹಣೆಯ ವಿಭೂತಿಯನ್ನು ಬೆರಳಿಗೆ ತೆಗೆದುಕೊಂಡು ಏನೋ ಹಿಂಜರಿದು, ಸುಮ್ಮನೆ ಅವರ ಕೈ ಹಿಡಿದು ಬಿಟ್ಟಳು. ಆ ಹೊತ್ತೆಲ್ಲ ಥಿಯೇಟರಿನ ಬಾಗಿಲನ್ನೇ ನೋಡುತ್ತಿದ್ದಳು. "ಅಪ್ಪ ವೈದ್ಯನಾಥ, ಆ ಹೆಂಗಸ್ನ ಚೆನ್ನಾಗಿ ಕಳಿಸ್ಕೊಡು" ಎಂದು ಮಣಮಣ ಅನ್ನುತ್ತಿದ್ದಳು. ತನ್ನ ಹೆದರಿಕೆ ಅವಳಿಗೆ ಮರೆತೇಹೋಗಿತ್ತು.

ಶಕೀಲಮ್ಮ ಹೊರಗೆ ಬಂದರು. ಅರೆನಿದ್ದೆ, ಬಾಯಿ ಒಣಗಿತ್ತು. ಜಯಮ್ಮ ಹತ್ತಿರ ಹೋಗಿ ಬಗ್ಗಿದಳು. "ಶಕೀಲಮ್ಮ, ಎದ್ರಾ? ನೋವಾ?"

ಅವರು ಒಂದು ಕಣ್ಣು ತೆರೆದು, "ಟೀ ಯಾವಾಗ ಕೊಡ್ತಾರೆ, ಕೇಳು" ಎಂದರು.

ಜಯಮ್ಮ ಬಂದು ಮಂಚದ ಮೇಲೆ ಅಂಗಾತ ಮಲಗಿದಳು. "ಸೌಮ್ಯ, ಹೋಗಿ ಹೇಳು. ಸರದಿ ಬಂದಾಗ ಕರೀಲಿ." ಗಂಡನ ಕಡೆ ತಿರುಗಿ, "ಆ ಫ್ಲಾಸ್ಕ್ ಆಚೆಗ್ ತಗೀರಿ, ಏನ್ ಮನೆಗ್ ಹೊಂಟವ್ರಂಗೆ" ಎಂದು ರೇಗಿದಳು. ಪೊಂಗಲ್ ಹೊಟ್ಟೆಯಿಂದ ಇಳಿಯುವಷ್ಟು ಕಾಲ ಕೊಟ್ಟು, ಸಂಜೆ ಹೊತ್ತಿಗೆ ಕೊನೆಯ ಕೇಸಾಗಿ ತೆಗೆದುಕೊಂಡರು. ಅದಕ್ಕೆ ಒಪ್ಪಿದವರು ಆ ಮುಂಗೋಪಿ ಸರ್ಜನ್ನೇ. ಬೈಯುವವರೆಲ್ಲ ಕೆಟ್ಟವರಲ್ಲ, ಫಿಲೋಮಿನಾ ಸಿಸ್ಟರನ್ನು ಕಂಡ ನನಗೆ ಅದು ಗೊತ್ತಿತ್ತು. ಆಪರೇಷನ್ ಸಲೀಸಾಗಿ ಆಯಿತು.

ಆದರೆ ನಮ್ಮ ಕೆಲಸದಲ್ಲಿ ಆಪರೇಷನ್ ಆದ ಕೂಡಲೇ ನೆಮ್ಮದಿ ಅಂತಿಲ್ಲ. ಕರುಳು ಮತ್ತೆ ಕೆಲಸ ಶುರುಮಾಡಬೇಕು. ಅದಕ್ಕೊಂದು ಗುರುತಿದೆ. ಫ್ಲಾಟಸ್ ಅನ್ನುತ್ತಾರೆ. ಬಹಳ ದೊಡ್ಡ ಮಾತೇನಲ್ಲ, ಹೂಸು. ಮನೆಯಲ್ಲಿ ಬಿಟ್ಟರೆ ಬೈಸಿಕೊಳ್ಳುವಂಥದ್ದು. ಆಸ್ಪತ್ರೆಯಲ್ಲಿ ಅದಕ್ಕಾಗಿ ಹರಕೆ ಹೊರುವುದು ಬಾಕಿ. ಆ ಆಸ್ಪತ್ರೆಯಲ್ಲಿ ಅದು ಬಂದ ಮೇಲೆಯೇ ಗಂಜಿ. ಸಿಸ್ಟರ್ ಬಂದು ಬಂದು, "ಗ್ಯಾಸ್ ಹೋಯ್ತಾ ಅಮ್ಮ?" ಎಂದು ಕೇಳಿದರೆ ಜಯಮ್ಮ ಮುಸುಕು ಹಾಕಿಕೊಳ್ಳುವಳು. ಶಕೀಲಮ್ಮನಿಗೆ ಆಗಿ, ಟೀ ಸಿಕ್ಕಿ, ಅವರು ಲೋಟ ಹಿಡಿದುಕೊಂಡು ಇವಳ ಕಡೆ ನೋಡುತ್ತ ಕುಡಿದಿದ್ದೂ ಆಯಿತು. ಇವಳಿಗೆ ಇಲ್ಲ. ರಾತ್ರಿ ಸೌಮ್ಯ ಜೊತೆಗಿದ್ದಳು. ನಾನು ಮದ್ದೂರಿಗೆ ಬಂದೆ.

ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವಾಗ ಫೋನು ಬಂತು.

"ದೊಡ್ಡವ್ವಾ! ಅವ್ವಂಗೆ ಆಯ್ತು! ವಾರ್ಡಿಗೆಲ್ಲ ಕೇಳಿಸ್ತು!"

ಹಿಂದಿನಿಂದ ಜಯಮ್ಮನ ದನಿ: "ಯಾಕೆ ಊರಿಗೆಲ್ಲ ಡಂಗೂರ ಹೊಡೀತೀಯೆ, ನಿನ್ ಬಾಯಿಗ್ ಮಣ್ಣಾಕ." ಅದರ ಹಿಂದೆ ಶಕೀಲಮ್ಮನ ನಗು, ಆಮೇಲೆ "ಅಯ್ಯೋ ಹೊಲಿಗೆ, ನಗಿಸ್ಬೇಡ್ರಿ" ಎಂಬ ಕೂಗು.

ಸ್ವಾಮಿ ಎದುರು ನಿಂತು ಕೈಮುಗಿದೆ. ಇಂಥದಕ್ಕೆ ನಿನಗೆ ಕೈಮುಗಿಯುತ್ತಿದ್ದೇನೆ, ತಪ್ಪು ತಿಳಿಯಬೇಡ ಎಂದೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಅಡುಗೆಮನೆಗೆ ಹೋಗಿ, ಜಯಮ್ಮ, ಶಕೀಲಮ್ಮ ಇಬ್ಬರಿಗೂ ಆಗಲಿ ಎಂದು ಎರಡು ಹಿಡಿ ಅಕ್ಕಿ ತೊಳೆದು, ನೀರು ಜಾಸ್ತಿ ಇಟ್ಟು, ಗಂಜಿಗೆ ಒಲೆ ಹಚ್ಚಿದೆ.